ಗುರುಶಾಂತಪ್ಪನ ಫಿಲಿಪಿನೋ ಸಿಟ್ಟು

ಗುರುಶಾಂತಪ್ಪ ರಜೆ ಕೇಳಿ ಬರೆದ ಮೂರನೆಯ ಈಮೇಲಿಗೆ ಮ್ಯಾನೇಜರ್ ಅಜಿತನಿಂದ ಉತ್ತರ ಬಂತು: "ಕ್ರಿಸ್‌ಮಸ್ ಮುಗೀಲಿ ಗುರು, ಆಮೇಲೆ ನೋಡೋಣ." ಪಕ್ಕದಲ್ಲೊಂದು ನಗುಮುಖದ ಚಿಹ್ನೆ ಬೇರೆ. ಮದುವೆ ಇದ್ದದ್ದು ನವೆಂಬರ್ ಕೊನೆಗೆ. ಮದುವೆ ಯಾರದೆಂದರೆ, ಗುರುಶಾಂತಪ್ಪನದೇ.

ಬೇರೆ ಯಾರಾದರೂ ಆಗಿದ್ದರೆ ಕೀಬೋರ್ಡನ್ನು ಎತ್ತಿ ಕುಕ್ಕುತ್ತಿದ್ದರು. ಇವನು "ಥ್ಯಾಂಕ್ಸ್ ಸರ್" ಎಂದು ಮರು ಉತ್ತರ ಕಳಿಸಿದ. ಹೆಸರಿನಲ್ಲೇ ಗುರುವೂ ಇದ್ದು, ಶಾಂತವೂ ಇದ್ದು, ಕೊನೆಗೊಬ್ಬ ಅಪ್ಪನೂ ಇರುವಾಗ ಸಿಟ್ಟಿಗೆ ಜಾಗ ಎಲ್ಲಿಂದ ಬರಬೇಕು? ಹಾಗಂತ ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಗಂಟಲ ತನಕ ಬರುತ್ತಿತ್ತು. ಅಲ್ಲಿಂದ ಮುಂದೆ ದಾರಿ ತಿಳಿಯದೆ ವಾಪಸು ಹೊಟ್ಟೆಗಿಳಿದು ಹುಳಿಯಾಗುತ್ತಿತ್ತು.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಅಕ್ಟೋಬರ್. ರೆಡ್‌ವುಡ್ ಸಿಟಿಯಲ್ಲಿ ಖಾಲಿ ಗೋದಾಮು ಕಂಡಲ್ಲೆಲ್ಲ ಒಂದು ಡಾಟ್‌ಕಾಮ್ ಕಂಪನಿ ಏಳುತ್ತಿದ್ದ ಕಾಲ. ಗುರುಶಾಂತಪ್ಪನ ಕಂಪನಿಯೂ ಅಂಥದ್ದೇ. ಅಮೆರಿಕದಲ್ಲಿರುವ ಫಿಲಿಪಿನೋ ಜನ ಇಲ್ಲಿ ಕುಳಿತು ಇಂಟರ್‌ನೆಟ್ಟಿನಲ್ಲಿ ಗುಂಡಿ ಒತ್ತಿದರೆ ಅಲ್ಲಿ ಮನಿಲಾದಲ್ಲಿ ಅವರ ಅಮ್ಮನ ಮನೆ ಬಾಗಿಲಿಗೆ ಹುಟ್ಟುಹಬ್ಬದ ಕೇಕು ಹೋಗಬೇಕು. ಹೋಗುತ್ತಲೂ ಇತ್ತು. ಒಂದೇ ತೊಂದರೆಯೆಂದರೆ ಸಾಫ್ಟ್‌ವೇರು ಕ್ಯಾಲಿಫೋರ್ನಿಯಾದ ಗಡಿಯಾರ ನೋಡಿಕೊಂಡು ಕೇಕು ಕಳಿಸುತ್ತಿತ್ತು. ಇಲ್ಲಿ ಸೋಮವಾರ ಸಂಜೆಯಾದಾಗ ಅಲ್ಲಿ ಮಂಗಳವಾರ ಬೆಳಗಾಗಿರುತ್ತದೆ. ಹೀಗಾಗಿ ಹುಟ್ಟುಹಬ್ಬ ಒಂದು ದಿನ, ಕೇಕು ಮಾರನೆಯ ದಿನ.

ಈ ತಪ್ಪನ್ನು ಮಾರ್ಚಿನಲ್ಲೇ ಹಿಡಿದವನು ಗುರುಶಾಂತಪ್ಪ. "ಆಮೇಲೆ ನೋಡೋಣ" ಎಂದವನು ಅಜಿತ. ದಾವಣಗೆರೆಯ ಅಜಿತನಿಗೆ ಆಫೀಸೇ ಮನೆ. ಮೇಜಿನ ಕೆಳಗೊಂದು ಚಾಪೆ, ಡ್ರಾಯರಿನಲ್ಲಿ ಟೂತ್‌ಬ್ರಷ್ಷು. ತಾನು ಮನೆಗೆ ಹೋಗದವನಿಗೆ ಬೇರೆಯವರು ಊರಿಗೆ ಹೋಗುತ್ತೇವೆಂದರೆ ಅರ್ಥವೇ ಆಗುತ್ತಿರಲಿಲ್ಲ. ಅವನ ದೆಸೆಯಿಂದ ಗುರುಶಾಂತಪ್ಪನ ಮದುವೆ ಆಗಲೇ ಎರಡು ಸಲ ಮುಂದೆ ಹೋಗಿತ್ತು.

ಈಮೇಲು ಓದಿ ಮುಗಿಸುವುದರೊಳಗೆ ಮೇಜಿನ ಫೋನು ಬಡಿದುಕೊಂಡಿತು. ಬ್ಯಾಡಗಿಯಿಂದ ಹೆಣ್ಣಿನ ತಂದೆ ಶಿವರುದ್ರಪ್ಪನವರು. ಮೆಣಸಿನಕಾಯಿ ದಲಾಲರು, ಬಾಯಿ ಮಾತ್ರ ಬೆಲ್ಲ.

"ನಮಸ್ಕಾರ್ರೀ ಅಳಿಯಂದ್ರ. ಊಟ ಆತೇನ್ರಿ?"

"ಇಲ್ಲಿ ಇನ್ನೂ ಮುಂಜಾನಿ ಐತ್ರಿ ಮಾವಾರ."

"ಹೌದಲ್ಲ, ಮರತಿದ್ದೆ. ರಜಾದ್ದು ಏನಾತ್ರಿ?"

"ಇವತ್ತ ಸಂಜಿಗೆ ಪಕ್ಕಾ ಹೇಳ್ತೀನ್ರಿ."

"ಹೇಳ್ರಿ, ಹೇಳ್ರಿ. ನನಗೇನೂ ಸಿಟ್ಟಿಲ್ಲ. ಎರಡ ಸಲ ಮುಂದ ಹಾಕಿದಿರಿ, ನಾ ಏನರ ಅಂದೆನೇನು? ಈ ಸಲ ಮಂಟಪ ಹಿಡಿದೇವಿ, ಅಡಗಿಯವರಿಗೆ ವೀಳ್ಯ ಕೊಟ್ಟೇವಿ, ಪತ್ರಿಕಾ ಹಂಚೇವಿ. ಮುಹೂರ್ತಕ್ಕ ನಮ್ಮ ಭುವನೇಶ್ವರಿ ಹಸೆಮಣಿ ಮ್ಯಾಲೆ ಕೂಡೂದು ಖರೇ. ಬಾಜೂಕ ಯಾರು ಕೂಡ್ತಾರ ಅನ್ನೂದು ನಿಮಗ ಬಿಟ್ಟದ್ದು. ಫೋನ್ ಇಡ್ಲ್ಯಾ?"

ಇಟ್ಟರು. ಗುರುಶಾಂತಪ್ಪ ರಿಸೀವರನ್ನು ಕಿವಿಗೆ ಹಾಗೇ ಹಿಡಿದುಕೊಂಡು ಕುಳಿತ. ಭುವನೇಶ್ವರಿಯನ್ನು ಅವನು ನೋಡಿದ್ದು ಒಂದೇ ಸಲ. ಆದರೆ ಪ್ರತಿ ಭಾನುವಾರ ಕಾಲಿಂಗ್ ಕಾರ್ಡು ಮುಗಿಯುವವರೆಗೆ ಮಾತಾಡಿ, ಅವಳ ನಗು ಕೇಳಿ, ಅವಳಿಲ್ಲದೆ ಬದುಕಿಲ್ಲ ಎನ್ನುವ ಹಂತಕ್ಕೆ ಬಂದಿದ್ದ. ಹೋದ ವಾರ ಅವಳೇ ಕೇಳಿದ್ದಳು: "ಅಲ್ರೀ, ನಿಮಗ ಸಿಟ್ಟು ಬರಂಗಿಲ್ಲೇನು? ಆ ಮ್ಯಾನೇಜರ್‌ಗ ನಾಕು ಮಾತು ಅಂದು ಬರಾಕ ಆಗಂಗಿಲ್ಲೇನು?"

ಆಫೀಸಿನ ಮರದ ತಡಿಕೆಯ ಮೇಲಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಸೀಟಿನ ಸಂದೇಶ, ಮಂಗಳೂರಿನವನು. ಕಂಪನಿಯಲ್ಲಿ ಯಾರಿಗೆ ಫೋನು ಬಂದರೂ ಅರ್ಧ ಮಾತು ಇವನಿಗೇ ಸೇರಬೇಕು.

"ಎಂತ ಮಾರಾಯ, ಮಾವ ಬಿಸಿಯಾ? ನೀನು ಒಮ್ಮೆ ಅಜಿತನಿಗೆ ಜೋರು ಮಾಡು. ಬಾಯಿ ಉಂಟಲ್ಲ ನಿನಗೆ? ಹೋಗು, ಈಗಲೇ ಹೋಗು. ನಾನು ಇಲ್ಲಿಂದಲೇ ಸಪೋರ್ಟು."

ಗುರುಶಾಂತಪ್ಪ ಎದ್ದ. ಇನ್ನು ಈ ಜನ್ಮದಲ್ಲಿ ಧೈರ್ಯ ಬರುವುದಿಲ್ಲ ಅಂದುಕೊಂಡು, ಇದ್ದಷ್ಟನ್ನೇ ಒಟ್ಟು ಮಾಡಿಕೊಂಡು ಅಜಿತನ ಎದುರು ಹೋಗಿ ನಿಂತ.

"ಸರ್, ನನಗ ಭಾಳ ಸಿಟ್ಟು ಬಂದೈತ್ರಿ."

ಅಜಿತ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಹೌದಾ? ಬರ್ಲಿ ಬಿಡು ಗುರು, ಆರೋಗ್ಯಕ್ಕೆ ಒಳ್ಳೇದು. ಆ ಕಡೆ ಡೋನಟ್ ಇಟ್ಟಿದಾರೆ, ತಗೊಂಡು ಹೋಗು. ಮತ್ತೆ ಸಂಜೆ ಮನಿಲಾ ಕಾಲ್‌ಗೆ ನೀನೂ ಇರ್ಬೇಕು."

ಗುರುಶಾಂತಪ್ಪ ಡೋನಟ್ ತೆಗೆದುಕೊಂಡು ಬಂದ. ಸಂದೇಶ ಅದರಲ್ಲಿ ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, "ಬಡವನ ಕೋಪ ದವಡೆಗೆ ಮೂಲ ಅಂತ ಸುಮ್ಮನೆ ಹೇಳಿದ್ದಲ್ಲ ಮಾರಾಯ" ಎಂದ.

ಇಂಗ್ಲಿಷಿನಲ್ಲಾದರೂ ಬೈಯೋಣವೆಂದರೆ ಗುರುಶಾಂತಪ್ಪನ ಇಂಗ್ಲಿಷು ಸಿಟ್ಟು ಬಂದ ಕೂಡಲೇ ಅರ್ಜಿಯ ಇಂಗ್ಲಿಷಾಗುತ್ತಿತ್ತು. ತಾವು ದಯಮಾಡಿ ನನ್ನ ಕೋಪವನ್ನು ಪರಿಗಣಿಸಬೇಕಾಗಿ ವಿನಂತಿ ಎಂಬ ಧಾಟಿ. ಅದನ್ನು ಕೇಳಿ ಹೆದರುವವರು ಯಾರು?

ಮಧ್ಯಾಹ್ನ ಆಫೀಸಿನ ಅಡುಗೆಕೋಣೆಯಲ್ಲಿ ಅವನು ಸಕ್ಕರೆ ಹಾಕದ ಕಾಫಿಯನ್ನು ಕಲಕುತ್ತಲೇ ನಿಂತಿದ್ದಾಗ ಟೀಟಾ ಬೇಬಿ ಬಂದಳು. ಆಫೀಸಿನ ಆಡಳಿತವೆಲ್ಲ ನೋಡಿಕೊಳ್ಳುವ ಫಿಲಿಪಿನೋ ಹೆಂಗಸು. ಟೀಟಾ ಎಂದರೆ ಚಿಕ್ಕಮ್ಮ. ಬೇಬಿ ಎನ್ನುವುದು ಹುಟ್ಟಿದಾಗ ಇಟ್ಟ ಮುದ್ದಿನ ಹೆಸರು, ಅರವತ್ತು ಹತ್ತಿರವಾದರೂ ಯಾರೂ ತೆಗೆದಿರಲಿಲ್ಲ. ಡೇಲಿ ಸಿಟಿಯಿಂದ ಬರುವಾಗ ಅಕ್ಕಿಯ ಪುಟೋ ತಂದು ಇವನಿಗೊಂದು ತಪ್ಪದೆ ಕೊಡುತ್ತಿದ್ದಳು. ಅದು ಸ್ವಲ್ಪ ಸಿಹಿಯಾದ ಇಡ್ಲಿ.

"ಏನಾಯ್ತು ಮಗನೇ? ಮುಖ ಹಸಿರಾಗಿದೆ" ಎಂದಳು ಇಂಗ್ಲಿಷಿನಲ್ಲಿ.

ಗುರುಶಾಂತಪ್ಪ ಎಲ್ಲ ಹೇಳಿಕೊಂಡ. ಕೇಕು, ಮಾರ್ಚು, ಮೂರು ಈಮೇಲು, ಹಸೆಮಣೆ, ಡೋನಟ್ಟು. ಟೀಟಾ ಬೇಬಿ ಶಿಲುಬೆಯ ಗುರುತು ಮಾಡಿಕೊಂಡಳು.

"ಸಿಟ್ಟನ್ನು ನುಂಗಬಾರದು. ನನ್ನ ಎರಡನೇ ಗಂಡ ನುಂಗಿ ನುಂಗಿಯೇ ಹೋದ. ಎದುರಿನವನಿಗೆ ಹೇಳಲಾಗದಿದ್ದರೆ ಗೋಡೆಗೆ ಹೇಳು. ಅದೂ ನಮ್ಮ ಭಾಷೆಯಲ್ಲಿ ಹೇಳು, ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಕಲಿಸಲಾ?"

ಅವಳ ಊರಿನಲ್ಲಿ ಸಿಟ್ಟಿಗೆ ಮೆಟ್ಟಿಲುಗಳಿದ್ದವು. ಮೊದಲ ಮೆಟ್ಟಿಲು, ಉಮು-ಊಸೊಕ್ ಆಂಗ್ ಇಲೊಂಗ್ ಕೊ. ನನ್ನ ಮೂಗಿನಿಂದ ಹೊಗೆ ಬರುತ್ತಿದೆ. ಅದಕ್ಕೂ ಜಗ್ಗದಿದ್ದರೆ, ಕುಮುಕುಲೊ ಆಂಗ್ ದುಗೊ ಕೊ. ನನ್ನ ರಕ್ತ ಕುದಿಯುತ್ತಿದೆ. ಅಲ್ಲಿಂದ ಮೇಲೆ, ಪುನೊ ನಾ ಆಂಗ್ ಸಾಲೊಪ್. ಅಳೆಯುವ ಸೇರು ತುಂಬಿಹೋಯಿತು, ಇನ್ನು ಮೇಲಿನದನ್ನು ಕೋಲಿನಿಂದ ಎಳೆದು ಚೆಲ್ಲುವುದೇ.

"ಇದು ನಮ್ಮದ ಐತಲ್ಲ! ನಮ್ಮ ಕಡೆ ಕೊಡ ತುಂಬ್ತೈತಿ, ನಿಮ್ಮ ಕಡೆ ಸೇರು" ಎಂದು ಗುರುಶಾಂತಪ್ಪ ಕನ್ನಡದಲ್ಲೇ ಉದ್ಗರಿಸಿ, ಆಮೇಲೆ ಇಂಗ್ಲಿಷಿಗೆ ಇಳಿಸಿ ಹೇಳಿದ.

"ಕೊನೆಯದೊಂದಿದೆ. ಅದನ್ನು ಸುಮ್ಮಸುಮ್ಮನೆ ಬಳಸಬೇಡ" ಎಂದು ಟೀಟಾ ಬೇಬಿ ದನಿ ತಗ್ಗಿಸಿದಳು. "ನಗ್‌ದಿದಿಲಿಮ್ ಆಂಗ್ ಪನಿಂಗಿನ್ ಕೊ. ನನ್ನ ಕಣ್ಣಿಗೆ ಕತ್ತಲೆ ಕವಿಯುತ್ತಿದೆ. ಯಾರಾದರೂ ಹೀಗಂದರೆ ನಮ್ಮೂರಲ್ಲಿ ಮೊದಲು ಮನೆಯ ಕತ್ತಿಗಳನ್ನು ಬಚ್ಚಿಡುತ್ತಾರೆ."

ಗುರುಶಾಂತಪ್ಪನಿಗೆ ಈ ಭಾಷೆ ತುಂಬ ಹಿಡಿಸಿತು. ಅವನ ಊರಿನಲ್ಲಿ ಸಿಟ್ಟು ಬಂದವರು ಎದುರಿನವನ ಹಲ್ಲು ಉದುರಿಸುತ್ತೇನೆ, ಕಾಲು ಮುರಿಯುತ್ತೇನೆ, ಚರ್ಮ ಸುಲಿಯುತ್ತೇನೆ ಎನ್ನುತ್ತಾರೆ. ಅಷ್ಟೆಲ್ಲ ಮಾಡುವ ಜನ ಅವನಲ್ಲ. ಇಲ್ಲಿ ನೋಡಿ, ಹೊಗೆ ಬರುವುದೂ ತನ್ನ ಮೂಗಿನಿಂದಲೇ, ಕುದಿಯುವುದೂ ತನ್ನ ರಕ್ತವೇ, ಕತ್ತಲಾಗುವುದೂ ತನ್ನ ಕಣ್ಣಿಗೇ. ಮರ್ಯಾದಸ್ಥರು ಮಾಡಬಹುದಾದ ಸಿಟ್ಟು ಎಂದರೆ ಇದು ಎಂದು ಅವನಿಗನಿಸಿತು.

ಸಂಜೆಯಾಗುತ್ತಿದ್ದಂತೆ ಅಭ್ಯಾಸಕ್ಕೆಂದು ಅವನು ಪಾರ್ಕಿಂಗ್ ಲಾಟಿಗೆ ಹೋಗಿ ತನ್ನ ಹಳೇ ಕಾರಿನಲ್ಲಿ ಕುಳಿತ. ಗಾಜು ಏರಿಸಿ, ಸ್ಟೀರಿಂಗನ್ನೇ ಅಜಿತ ಎಂದು ತಿಳಿದು ಮೊದಲ ಮೆಟ್ಟಿಲಿನಿಂದ ಶುರು ಮಾಡಿದ. ಎರಡನೆಯ ಆವೃತ್ತಿಗೆ ಎದೆ ಹಗುರಾಯಿತು. ನಾಲ್ಕನೆಯದಕ್ಕೆ ಹುರುಪು ಬಂತು. ಸೆಖೆಯಾಗಿ ಗಾಜು ಇಳಿಸಿದ್ದು ಅವನಿಗೇ ಗೊತ್ತಾಗಲಿಲ್ಲ. ಇನ್ನು ಆಫೀಸಿಗೆ ಹೋಗುವುದೇ ಬೇಡ, ಮನಿಲಾ ಕಾಲಿಗೆ ಚಕ್ಕರ್ ಹೊಡೆದು ನೇರ ಮನೆಗೆ ಹೋಗಿ ಟಿಕೇಟು ಬುಕ್ ಮಾಡಿಬಿಡುತ್ತೇನೆ, ರಜೆ ಕೊಟ್ಟರೂ ಸರಿ ಬಿಟ್ಟರೂ ಸರಿ ಎಂದು ನಿಶ್ಚಯಿಸಿ, ಕಾರಿನ ಕೀಲಿ ತಿರುಗಿಸುತ್ತ ಜೋರಾಗಿ ಕೊನೆಯ ಮೆಟ್ಟಿಲು ಹತ್ತಿದ: "ನಗ್‌ದಿದಿಲಿಮ್ ಆಂಗ್ ಪನಿಂಗಿನ್ ಕೊ!"

ಕಿಟಕಿಯಿಂದ ಒಂದು ಕೈ ಒಳಗೆ ಬಂದು ಕೀಲಿಯನ್ನು ಕಿತ್ತುಕೊಂಡಿತು. ಸೆಕ್ಯುರಿಟಿಯವನು. ಅವನೂ ಫಿಲಿಪಿನೋ.

"ಸಾರ್, ಕಣ್ಣಿಗೆ ಕತ್ತಲೆ ಬಂದವರು ಫ್ರೀವೇಗೆ ಇಳಿಯಬಾರದು" ಎಂದ ಅವನು ಬಲು ಮೃದುವಾಗಿ. "ಮೊದಲು ನೀರು ಕುಡಿಯಿರಿ. ಮನೆಯಲ್ಲಿ ಏನೇ ಆಗಿರಲಿ, ದೇವರಿದ್ದಾನೆ."

"ಇಲ್ಲ, ಇಲ್ಲ, ನಾನು ಸುಮ್ಮನೆ ಪ್ರಾಕ್ಟೀಸ್ ಮಾಡ್ತಿದ್ದೆ!"

ಅದನ್ನು ಕೇಳಿ ಅವನಿಗೆ ಇನ್ನೂ ಗಾಬರಿಯಾಯಿತು. ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಆರು ಗಂಟೆಗೆ ನನ್ನ ಶಿಫ್ಟು ಮುಗಿಯುತ್ತದೆ, ನಾನೇ ನಿಮ್ಮನ್ನು ಮನೆಗೆ ಬಿಡುತ್ತೇನೆ" ಎಂದು ತೋಳು ಹಿಡಿದು ಆಫೀಸಿನ ಒಳಕ್ಕೇ ನಡೆಸಿಕೊಂಡು ಬಂದ. ಸೆಕ್ಯುರಿಟಿಯವನಿಗೆ ನಿಜ ಸಂಗತಿ ತಿಳಿಸಬಹುದಾಗಿದ್ದ ಟೀಟಾ ಬೇಬಿ ಆಗಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಿಟ್ಟಿದ್ದಳು. ಬಾಗಿಲಲ್ಲೇ ಅಜಿತ ಎದುರಾದ.

"ಬಾ ಬಾ ಗುರು, ನಿನ್ನನ್ನೇ ಹುಡುಕ್ತಿದ್ದೆ. ಕಾಲ್ ಶುರುವಾಗ್ತಾ ಇದೆ."

ಮೀಟಿಂಗ್ ಕೋಣೆಯಲ್ಲಿ ಮೇಜಿನ ನಡುವೆ ಮೂರು ಕಾಲಿನ ಸ್ಪೀಕರ್ ಫೋನು ಕುಳಿತಿತ್ತು. ಅದರ ಒಂದು ಬದಿಗೆ ಅಜಿತ, ಇನ್ನೊಂದು ಬದಿಗೆ ಕರೆಯದಿದ್ದರೂ ಬಂದ ಸಂದೇಶ, ನಡುವೆ ಗುರುಶಾಂತಪ್ಪ. ಅತ್ತ ಮನಿಲಾದಲ್ಲಿ ಬೇಕರಿಯ ಒಡತಿ ಮಿಸೆಸ್ ಲಾಕ್ಸಮಾನಾ ಮತ್ತು ಅವಳ ಮಂದಿ. ಆಕೆಯ ಹೆಸರು ಕೇಳಿದ ದಿನದಿಂದ ಅಜಿತ, "ನಮ್ಮ ಲಕ್ಷ್ಮಣನ ಕಡೆಯವರೇ ಇರ್ಬೇಕು, ಒಳ್ಳೇ ಜನ" ಎನ್ನುತ್ತಿದ್ದ.

"ನಮ್ಮದೊಂದು ಸಣ್ಣ ಸಂಗತಿ ಇತ್ತು ಸರ್ ಅಜಿತ್" ಎಂದು ಮಿಸೆಸ್ ಲಾಕ್ಸಮಾನಾ ಇಂಗ್ಲಿಷಿನಲ್ಲಿ ನಕ್ಕಳು. "ಹೋದ ವಾರ ಒಬ್ಬ ಅಜ್ಜಿಗೆ ಎಂಬತ್ತು ತುಂಬಿತು. ಕೇಕು ಮಾರನೆಯ ದಿನ ಹೋಯಿತು. ಅಜ್ಜಿ ಹಿಂದಿನ ರಾತ್ರಿಯೆಲ್ಲ ಬಾಗಿಲಲ್ಲೇ ಕೂತಿದ್ದರಂತೆ, ಅಮೆರಿಕದ ಮಗ ಮರೆತ ಅಂತ ಅತ್ತರಂತೆ. ಪರವಾಗಿಲ್ಲ ಬಿಡಿ."

"ಒಂದು ದಿನ ತಾನೇ ಮೇಡಂ! ಕೇಕು ಫ್ರೆಶ್ ಇತ್ತಲ್ಲ?" ಎಂದು ಅಜಿತನೂ ನಕ್ಕ.

ಮಿಸೆಸ್ ಲಾಕ್ಸಮಾನಾ ತನ್ನ ಪಕ್ಕದವರಿಗೆ ಅವರ ಭಾಷೆಯಲ್ಲಿ ಏನೋ ಅಂದಳು. ಅದರಲ್ಲಿ ಮೂಗೂ ಇತ್ತು, ಹೊಗೆಯೂ ಇತ್ತು. ಹಿಂದೆಯೇ ಇನ್ನೊಂದು ದನಿ, ಕುಮುಕುಲೊ ಎಂದಿತು.

ಗುರುಶಾಂತಪ್ಪನ ಕಿವಿ ನಿಮಿರಿತು. ಅಜಿತ ಆ ಕಡೆಯವರಿಗೆ ಕೇಳದಂತೆ ಮ್ಯೂಟ್ ಗುಂಡಿ ಒತ್ತಿ, ಕೆಂಪು ದೀಪ ಹೊತ್ತಿದ ಮೇಲೆ, "ನೋಡಿದ್ರಾ, ಎಷ್ಟು ಖುಷಿಯಾಗಿದಾರೆ" ಎಂದ.

"ಸರ್, ಅವರು ಖುಷಿ ಆಗಿಲ್ಲರಿ. ಎರಡನೇ ಮೆಟ್ಟಿಲಿನ್ಯಾಗ ಅದಾರ್ರಿ."

"ಯಾವ ಮೆಟ್ಟಿಲು?"

"ಭಾಳ ಸಿಟ್ಟು ಬಂದೈತ್ರಿ ಅವರಿಗೆ."

"ನಿನಗೆ ಇವತ್ತು ಎಲ್ಲರಲ್ಲೂ ಸಿಟ್ಟೇ ಕಾಣುತ್ತೆ ಗುರು. ಕೇಳು, ಅವರಿಗೆ ಒಂದು ಮಾತು ಕೊಟ್ಬಿಡ್ತೀನಿ. ಕ್ರಿಸ್‌ಮಸ್ ತನಕ ನೀನು ರಜೆ ತಗೊಳಲ್ಲ, ಶನಿವಾರ ಭಾನುವಾರವೂ ಇಲ್ಲೇ ಇರ್ತೀಯ ಅಂತ. ಸರಿನಾ? ಮದುವೆ ಏನು, ಓಡಿಹೋಗುತ್ತಾ?"

ಇಲ್ಲಿ ಸಂದೇಶ ತನ್ನ ಪಾಲಿನ ಸೇವೆ ಸಲ್ಲಿಸಿದ. ಮನೆಯ ಜಗಳ ಹೊರಗಿನವರಿಗೆ ಕೇಳಬಾರದೆಂಬ ಒಳ್ಳೆಯ ಬುದ್ಧಿಯಿಂದ, ಆಗಲೇ ಒತ್ತಿದ್ದ ಮ್ಯೂಟ್ ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ಕೆಂಪು ದೀಪ ಆರಿಹೋಯಿತು. ಯಾರೂ ನೋಡಲಿಲ್ಲ.

ಗುರುಶಾಂತಪ್ಪ ನೋಡುವ ಸ್ಥಿತಿಯಲ್ಲಿರಲಿಲ್ಲ. ಮದುವೆ ಓಡಿಹೋಗುತ್ತಾ ಎಂದ ಮಾತು ಅವನ ಗಂಟಲಿನವರೆಗೆ ಹೋಗಿ, ಬೆಳಗಿನಿಂದ ಅಲ್ಲಿ ಕಾಯುತ್ತಿದ್ದದ್ದನ್ನೆಲ್ಲ ಒದ್ದು ಹೊರಗೆ ಹಾಕಿತು. ಕಾರಿನಲ್ಲಿ ತಾಲೀಮು ಮಾಡಿದ ನಾಲಿಗೆಗೆ ಕನ್ನಡ ನೆನಪಾಗಲಿಲ್ಲ. ಅವನು ಎದ್ದು ನಿಂತು ಮೇಜು ಗುದ್ದಿದ. "ಉಮು-ಊಸೊಕ್ ಆಂಗ್ ಇಲೊಂಗ್ ಕೊ!" ಎಂದ. "ಕುಮುಕುಲೊ ಆಂಗ್ ದುಗೊ ಕೊ!" ಎಂದ. ಸೇರು ತುಂಬಿಸಿದ. ಕೊನೆಗೆ ಕಣ್ಣಿಗೆ ಕತ್ತಲೆಯನ್ನೂ ತಂದುಕೊಂಡು ಕೂಗಿದ. ಅಷ್ಟೂ ಆದ ಮೇಲೆ ಅಳು ಬಂತು, ಕುಳಿತುಕೊಂಡ.

"ಏನೋ ಗುರು, ಮಂತ್ರ ಏನೋ ಹೇಳಿದ್ಯಲ್ಲ?" ಎಂದು ಅಜಿತ ಬೆಪ್ಪಾದ.

"ಯಾರದು?" ಎಂದಿತು ಸ್ಪೀಕರ್ ಫೋನು.

ಮೂವರೂ ಕೆಂಪು ದೀಪವಿರಬೇಕಾದ ಜಾಗವನ್ನು ನೋಡಿದರು. ಸಂದೇಶ ಮೆಲ್ಲಗೆ ಬೆರಳನ್ನು ಮೇಜಿನ ಕೆಳಗೆ ಇಳಿಸಿದ.

"ಗುರುಶಾಂತಪ್ಪ, ಮೇಡಂ" ಎಂದು ಗುರುಶಾಂತಪ್ಪ ತೊದಲಿದ. ಕೆಲಸ ಹೋಯಿತು, ವೀಸಾ ಹೋಯಿತು, ಭುವನೇಶ್ವರಿಯೂ ಹೋದಳು ಎಂದು ಲೆಕ್ಕ ಹಾಕಿಯೂ ಬಿಟ್ಟ.

ಮಿಸೆಸ್ ಲಾಕ್ಸಮಾನಾಳ ದನಿ ಈಗ ನಗುತ್ತಿರಲಿಲ್ಲ. "ಸರ್ ಅಜಿತ್, ಇವತ್ತು ನಿಮ್ಮ ಕಂಪನಿಯ ಜೊತೆಗಿನ ವ್ಯವಹಾರ ಮುಗಿಸಬೇಕೆಂದೇ ನಾನು ಫೋನು ಮಾಡಿದ್ದು. ಇಷ್ಟು ತಿಂಗಳಿನಿಂದ ಕೇಕಿನ ವಿಷಯ ಹೇಳಿದಾಗಲೆಲ್ಲ ನೀವು ನಗುತ್ತೀರಿ. ಇವತ್ತು ಮೊದಲ ಸಲ ನಿಮ್ಮಲ್ಲಿ ಒಬ್ಬನ ರಕ್ತ ಕುದಿಯಿತು. ಆ ಅಜ್ಜಿಗಾಗಿ ಒಬ್ಬನ ಕಣ್ಣಿಗೆ ಕತ್ತಲೆ ಬಂತು. ಅದೂ ನಮ್ಮ ಭಾಷೆಯಲ್ಲಿ! ನನ್ನ ಹುಡುಗಿಯರು ಇಲ್ಲಿ ಅಳುತ್ತಿದ್ದಾರೆ."

ನಿಜಕ್ಕೂ ಆ ಕಡೆಯಿಂದ ಮೂಗು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು.

"ಈ ಹುಡುಗನನ್ನು ಇಲ್ಲಿಗೆ ಕಳಿಸಿ. ನಮ್ಮಲ್ಲಿ ಕ್ರಿಸ್‌ಮಸ್ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ, ಆಗಲೇ ತಡವಾಗಿದೆ. ಮುಂದಿನ ವಾರ ಬಂದು ಜನವರಿಯವರೆಗೆ ನಮ್ಮ ಜೊತೆಗೇ ಇರಲಿ. ಇವನಿದ್ದರೆ ನಿಮ್ಮ ಜೊತೆ ವ್ಯವಹಾರ. ಇಲ್ಲದಿದ್ದರೆ ಇಲ್ಲ."

"ಮೇಡಂ, ಅದು ಹಾಗಲ್ಲ, ನಾನು..." ಎಂದು ಗುರುಶಾಂತಪ್ಪ ಬಾಯಿ ತೆರೆಯುವಷ್ಟರಲ್ಲಿ ಅಜಿತ "ಡನ್ ಮೇಡಂ!" ಎಂದು ಫೋನು ಇಟ್ಟು, ಅವನನ್ನು ತಬ್ಬಿ ನೆಲದಿಂದ ಎತ್ತಿಯೇಬಿಟ್ಟ.

"ಗುರು! ಕಂಪನಿ ಉಳಿಸಿದೆ ಕಣೋ! ಇಂಥಾ ಸಿಟ್ಟು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

"ಸರ್, ನನ್ನ ಲಗ್ನಾ..."

ಅಜಿತನಿಗೆ ಆಗ ನೆನಪಾಯಿತು. ಅವನು ಗುರುಶಾಂತಪ್ಪನನ್ನು ಇಳಿಸಿ, ಗಡ್ಡ ಕೆರೆದುಕೊಂಡ. ಹಾಗೆ ನೋಡಿದರೆ ಕೆಟ್ಟವನಲ್ಲ ಅವನು, ಯೋಚನೆ ಬರುವುದು ಸ್ವಲ್ಪ ನಿಧಾನ, ಅಷ್ಟೆ.

"ಹೌದಲ್ವಾ. ಪಾಪ, ಅವರಿಗೆ ಹೇಗೆ ಹೇಳೋದು? ಒಂದು ಕೆಲಸ ಮಾಡ್ತೀನಿ. ನೀನು ಮನಿಲಾದಲ್ಲೇ ಎಲ್ಲಾ ನೋಡ್ಕೊಂಡ್ರೆ ಇಲ್ಲಿ ನನಗೇನು ಕೆಲಸ? ನಾನೂ ಊರಿಗೆ ಹೋಗಿ ಮೂರು ವರ್ಷ ಆಯ್ತು. ನವೆಂಬರ್‌ನಲ್ಲಿ ರಜೆ ಹಾಕಿ ಹೋಗ್ತೀನಿ. ದಾವಣಗೆರೆಯಿಂದ ಬ್ಯಾಡಗಿ ಎಷ್ಟು ಮಹಾ ದೂರ! ನಾನೇ ಖುದ್ದಾಗಿ ಹೋಗಿ ನಿಮ್ಮ ಮಾವನವರಿಗೆ ಅರ್ಥ ಮಾಡಿಸ್ತೀನಿ. ಮ್ಯಾನೇಜರೇ ಬಂದು ಹೇಳಿದ್ರೆ ಅದರ ತೂಕವೇ ಬೇರೆ."

"ಒಳ್ಳೆ ಐಡಿಯಾ" ಎಂದ ಸಂದೇಶ. ಅವನನ್ನು ಯಾರೂ ಕೇಳಿರಲಿಲ್ಲ.

ಗುರುಶಾಂತಪ್ಪ ತನ್ನ ಸೀಟಿಗೆ ಬಂದು ಕುಳಿತ. ಅಲ್ಲಿ ಈಗ ಬೆಳಗಾಗಿರುತ್ತದೆ, ಶಿವರುದ್ರಪ್ಪನವರು ಪೂಜೆ ಮುಗಿಸಿ ಚಹಾ ಕುಡಿಯುತ್ತಿರುತ್ತಾರೆ. ಸಂಜೆ ಹೇಳುತ್ತೇನೆಂದು ಮಾತು ಕೊಟ್ಟಾಗಿದೆ. ನಂಬರು ಒತ್ತಿ, ಒಂದೇ ಉಸಿರಿಗೆ ಎಲ್ಲ ಹೇಳಿದ. ಮನಿಲಾ ಹೇಳಿದ, ಜನವರಿ ಹೇಳಿದ, ನನಗಾಗಿ ಇನ್ನೊಂದು ಸಲ ಮುಹೂರ್ತ ನೋಡಿಸಿ ಎಂದು ಬೇಡಿಕೊಂಡ. ದಾವಣಗೆರೆಯವರಾದ ನಮ್ಮ ಮ್ಯಾನೇಜರು ತಾವೇ ಬಂದು ನಿಮ್ಮ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತಾರೆ ಎಂದು ಸ್ವಲ್ಪ ಸೇರಿಸಿಯೂ ಹೇಳಿದ. ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡ. ಇನ್ನು ಬೈಗುಳದ ಮಳೆ.

ಬೈಗುಳ ಬರಲಿಲ್ಲ. ಶಿವರುದ್ರಪ್ಪನವರು ಚಹಾ ಗುಟುಕರಿಸುವ ಸದ್ದು ಕೇಳಿತು.

"ಮ್ಯಾನೇಜರು ತಾವಾ ಬರ್ತಾರಂದ್ರಿ?"

"ಹೌದ್ರಿ ಮಾವಾರ."

"ಮುಹೂರ್ತದ ಹೊತ್ತಿಗೆ ಇಲ್ಲೇ ಇರ್ತಾರೇನು?"

"ಇರ್ತಾರ್ರಿ. ನವೆಂಬರ್ ತುಂಬಾ ರಜಾ ಹಾಕ್ಯಾರ."

"ದಾವಣಗೆರಿ ಅಂದ್ರಿ. ಯಾರ ಪೈಕಿ?"

"ನಮ್ಮ ಪೈಕಿನ ರೀ" ಎಂದ ಗುರುಶಾಂತಪ್ಪ, ಮಾವನವರು ಇಷ್ಟು ಸಮಾಧಾನದಿಂದ ತೆಗೆದುಕೊಂಡರಲ್ಲ ಎಂದು ಕಣ್ಣು ಒರೆಸಿಕೊಳ್ಳುತ್ತ. "ಭಾಳ ದೊಡ್ಡ ಮನಸಿನವರು. ನಿಮಗ ಸಿಟ್ಟು ಬರ್ಲಿಲ್ಲಲ್ಲರಿ?"

"ಏ, ಸಿಟ್ಟ್ಯಾಕ್ರಿ? ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ" ಎಂದರು ಶಿವರುದ್ರಪ್ಪನವರು. ಚಹಾ ಲೋಟ ಕೆಳಗಿಟ್ಟ ಸದ್ದಾಯಿತು. ದನಿಯಲ್ಲಿ ಬೆಲ್ಲ ಇನ್ನೊಂದು ಪಾಕ ಏರಿತು. "ಅದಿರ್ಲಿ, ಆ ನಿಮ್ಮ ಮ್ಯಾನೇಜರ್ದು ಲಗ್ನ ಆಗೇತೇನ್ರಿ?"